ಬೀಳದ ಮನೆಗೆ ಸಾಲವಿಲ್ಲ

ಮೇ ೩೩, ೨೨೧೯

ಸಹಕಾರಿ ಸಂಘದ ಅಧ್ಯಕ್ಷರಾದ ತೇಜಪ್ಪನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆಗಾಲಕ್ಕೆ ಮುಂಚೆ ಮನೆಯ ಮೇಲಿನ ಮಾಡು ಬಿಗಿಯಲು ಸಮಯ ಸಾಲದೆಂದು ನಮ್ಮವರು ಮೇ ತಿಂಗಳಿಗೆ ಎರಡು ದಿನ ಸೇರಿಸಿಕೊಂಡಿದ್ದಾರೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಕಟುವೆನಿಸಿದರೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಮ್ಮ ಕಾಲದಲ್ಲಿ ಇಲ್ಲಿ ಪ್ರತಿ ಮನೆಗೂ ಬಿಗಿಸಾಲ ಸಿಗುತ್ತದೆ. ಅಂದರೆ ಮಾಡನ್ನು ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಕಟ್ಟಲು ಕೊಡುವ ಸಣ್ಣ ಸಾಲ. ಬಡ್ಡಿ ಹೆಸರಿಗಷ್ಟೇ. ಮೀನು ಮಾರಿದ ವಾರ ಕಂತು ಕಟ್ಟಬೇಕು, ದೋಣಿ ಇಳಿಯದ ವಾರ ಯಾರೂ ಬಾಗಿಲು ತಟ್ಟುವುದಿಲ್ಲ. ನೆಂಟರು ಬಂದರೆ ಬೆಲ್ಲ ನೀರು ಕೊಟ್ಟು ಮೊದಲು ಅಟ್ಟ ಹತ್ತಿಸುತ್ತೇವೆ. ಅವರು ಪಟ್ಟಿಗಳನ್ನು ಅಲ್ಲಾಡಿಸಿ ನೋಡಿ, ಸಡಿಲವಿದ್ದರೆ ಮುಲಾಜಿಲ್ಲದೆ ಬೈದು, ಕೆಳಗಿಳಿದ ಮೇಲೆಯೇ ಊಟ. ಹೆಣ್ಣು ಕೊಡುವವರೂ ಮೊದಲು ಅಟ್ಟವನ್ನೇ ನೋಡುತ್ತಾರೆ. ಒಂದು ಸಡಿಲ ಮೊಳೆಯಿಂದಾಗಿ ನನ್ನ ತಮ್ಮನಿಗೆ ಒಳ್ಳೆಯ ಸಂಬಂಧವೇ ತಪ್ಪಿಹೋಯಿತು.

ನಿಮ್ಮ ಕಾಲದ ಜಾಣತನವನ್ನು ಶಾಲೆಯಲ್ಲಿ ಹೇಳಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಗೃಹಪ್ರವೇಶದ ಊಟಕ್ಕೆ, ಗೇಟಿನ ಮೇಲಿನ ಸಿಮೆಂಟು ಸಿಂಹಗಳಿಗೆ ನಿಮ್ಮ ಸಂಘ ಮಧ್ಯಾಹ್ನದೊಳಗೆ ಸಾಲ ಕೊಡುತ್ತದೆ. ಮಾಡು ಬಿಗಿಯಲು ಕೇಳಿದರೆ ಮಾತ್ರ ಹಾನಿಯಾದ ಮನೆಯ ಫೋಟೊ ಬೇಕು! ಮೀನು ಮಾರುವ ಜಲಜ ಮರಕಾಲ್ತಿ ಪಾಪ, ನಿಂತಿರುವ ಮನೆಯ ಫೋಟೊ ತಂದಿದ್ದಳು. ಆಕೆಗೆ ನೀವು ಹೇಳಿದ್ದು ನಮ್ಮ ಮನೆಯಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಬಂದಿದೆ: "ಬಿದ್ದ್ ಮೇಲೆ ಬಾ ಮಾರಾಯ್ತಿ, ಆಗ ಕಾಂಬ." ಅದಕ್ಕೆ ಆಕೆ ಕೇಳಿದ್ದೂ ಉಳಿದಿದೆ: "ಬಿದ್ದ್ ಮೇಲೆ ಬಪ್ಪುಕೆ ನಾವ್ ಇರ್ಕಲೆ ಒಡೆಯಾ?"

ಬರಲು ತಾವು ಉಳಿದಿರಬೇಕಲ್ಲ ಎಂದು ಆಕೆ ಕೇಳಿದ್ದಕ್ಕೆ ನೀವು ನಕ್ಕಿರಂತೆ. ನಿಮ್ಮನ್ನು ಮೂರ್ಖರೆನ್ನಲು ನನಗೆ ಮನಸ್ಸಿಲ್ಲ. ಸ್ವಂತ ಮನೆಗೆ ಮಾತ್ರ ಆರ್‌ಸಿಸಿ ಹಾಕಿಸಿಕೊಳ್ಳುವಷ್ಟು ಬುದ್ಧಿ ಮೂರ್ಖರಿಗೆ ಇರುವುದಿಲ್ಲ. ಊರಿಗೆಲ್ಲ ಹಿರಿಯರು ಎನಿಸಿಕೊಂಡು, ಮನೆ ಬಿದ್ದವರಿಗೆ ಅಕ್ಕಿ ಹಂಚುತ್ತ ಪೇಪರಿನಲ್ಲಿ ಮುಖ ತೋರಿಸುವ ನಿಮ್ಮಂಥವರನ್ನು ನೆನೆದರೆ ನನಗೆ ಅಸಹ್ಯವಾಗುತ್ತದೆ.

ನಿಮ್ಮ ಬುಧವಾರದ ಸಭೆಗೆ ಜಲಜಳ ಅರ್ಜಿ ಮತ್ತೆ ಬರುತ್ತದೆ. ಬಿರುಗಾಳಿ ಬರುವುದು ಮುಂದಿನ ತಿಂಗಳು, ಪಟ್ಟಿ ಹೊಡೆಸಲು ಸಮಯವಿದೆ. ಆಕೆಗೆ ಇಬ್ಬರು ಹೆಣ್ಣುಮಕ್ಕಳು. ನಾನು ಕಿರಿಯವಳ ವಂಶದವಳು. ಹಿರಿಯವಳು ಶ್ರಾವ್ಯ, ಈಗ ಮೂರನೇ ಕ್ಲಾಸು, ಕಡಲ ಕಡೆಯ ಕೋಣೆಯಲ್ಲಿ ಮಲಗುತ್ತಾಳೆ. ನಿಮ್ಮ ಮೇಲೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಆದರೂ ಕೈಮುಗಿದು ಕೇಳುತ್ತೇನೆ, ಸಹಿ ಹಾಕಿ.

ಶ್ರಾವ್ಯಳ ವಂಶದವರು ಇಲ್ಲಿ ಯಾರೂ ಇಲ್ಲ.