ಹದಿಮೂರನೆಯ ಗೆರೆ

ರಾಯಚೂರು
೯ ಸೆಪ್ಟೆಂಬರ್ ೧೯೪೯

ಪ್ರಿಯ ಸತ್ತಾರ್ ಸಾಬ್,

ಸಲಾಂ. ನಿಮ್ಮ ಪತ್ರ ಬಂದು ಇಪ್ಪತ್ತು ದಿನವಾಯಿತು. ಶಾಲೆಯ ಕೆಲಸ, ನನ್ನಾಕೆ ಜಯಾಬಾಯಿಗೆ ಜ್ವರ ಎಂದು ಎರಡು ನೆಪ ಬರೆದು ಹರಿದು ಹಾಕಿದೆ. ಜ್ವರ ಬಂದದ್ದು ನಿಜ, ಇಳಿದು ಹದಿನೈದು ದಿನವಾಯಿತು. ನಿಮ್ಮ ಮನೆಯವರು ಶಹಜಾದಿ ಬೇಗಂ ಅವರಿಗೆ ಹೈದರಾಬಾದಿನ ನೀರು ಒಗ್ಗಿದೆ ಎಂದು ಓದಿ ಹೇಳಿದರೆ ಜಯಾಬಾಯಿ ನಂಬಲಿಲ್ಲ. "ಅಕಿ ಒಗ್ಗೇದ ಅಂತನ ಹೇಳಾಕಿ. ಒಗ್ಗಿರೂದಿಲ್ಲ ತಗೋರಿ" ಎಂದಳು.

ನೀವು ಕೇಳಿದ್ದು ಒಂದೇ ಮಾತು. ಕಳೆದ ವರ್ಷದ ಹೋರಾಟದಲ್ಲಿ ಸತ್ತವರಿಗೆಂದು ಕೆರೆಯ ಮುಂದೆ ನಿಲ್ಲಿಸುತ್ತಿರುವ ಕಲ್ಲಿನಲ್ಲಿ ನಿಮ್ಮ ಮಗಳು ಜಾಹೆದಾಳ ಹೆಸರು ಎಷ್ಟನೆಯ ಗೆರೆಯಲ್ಲಿದೆ, ಏರಿಯ ಮೇಲೆ ನಡೆದು ಹೋಗುವವರಿಗೆ ಓದಲು ಬರುತ್ತದೆಯೇ?

ಮಾವಿನ ಕೆರೆಯ ಏರಿಯ ಮೇಲೆ ಈಗಲೂ ಸಂಜೆ ನಡೆಯುತ್ತೇನೆ. ಮೆಟ್ಟಿಲಿಂದ ಹುಣಸೆಮರದ ತನಕ, ಹನ್ನೆರಡು ವರ್ಷ ನಾವಿಬ್ಬರೂ ನಡೆದ ಅಷ್ಟೇ ದೂರ. ನೀವು ಕೋಲಿನಿಂದ ಮಣ್ಣಿನಲ್ಲಿ ಉರ್ದುವಿನ ಅಲೀಫ್ ಬರೆದು ತೋರಿಸುತ್ತಿದ್ದಿರಿ, ನಾನು ಅ ಬರೆಯುತ್ತಿದ್ದೆ. ಈಗ ಅಲ್ಲಿ ಕೆಂಪು ಗರಸು ಹಾಸಿದ್ದಾರೆ. ಬರೆದರೆ ಮೂಡುವುದಿಲ್ಲ. ಕಳೆದ ವರ್ಷ ಕಿಟಕಿ ತೆರೆಯಲು ಹೆದರಿದ್ದವರೆಲ್ಲ ಈಗ ಹೊಸ ಖಾದಿ ಟೋಪಿ ಇಟ್ಟು ಅಡ್ಡಾಡಲು ಬರುತ್ತಾರೆ, ಕಲ್ಲಿನ ಮುಂದೆ ನಿಂತು ಟೋಪಿ ಸರಿಮಾಡಿಕೊಳ್ಳುತ್ತಾರೆ. ಆ ಟೋಪಿಗಳನ್ನು ಒಂದೊಂದಾಗಿ ತೆಗೆದು ನೀರಿಗೆ ಎಸೆಯಬೇಕೆನಿಸುತ್ತದೆ.

ಕಲ್ಲು ಆಳೆತ್ತರದ್ದು. ಮಲ್ಲಟದ ಸುಂಕಪ್ಪ ಕಡೆಯುತ್ತಿದ್ದಾನೆ. ಅವನಿಗೆ ಓದು ಬಾರದು. ನಾನು ಕಾವಿಯಲ್ಲಿ ಅಕ್ಷರ ಬರೆದು ಕೊಡಬೇಕು, ಅದರ ಮೇಲೆ ಅವನು ಉಳಿ ಇಡುತ್ತಾನೆ. "ನೀವು ಬರದದ್ದು ಕಡೀತೀನ್ರಿ ಯಪ್ಪಾ. ತಪ್ಪಿದ್ರ ಪಾಪ ನಿಮಗ, ಕೂಲಿ ನನಗ" ಎಂದು ಮೊದಲ ದಿನವೇ ನಕ್ಕಿದ್ದ. ದಾರ ಹಿಡಿದು ಹದಿಮೂರು ಗೆರೆ ಹಾಕಿದ. ಹೆಸರು ಹನ್ನೆರಡು ಆಗಿವೆ.

ಹದಿಮೂರನೆಯ ಗೆರೆ ಖಾಲಿ ಇದೆ, ಸತ್ತಾರ್ ಸಾಬ್.

ಕಲ್ಲು ನಿಲ್ಲಿಸುತ್ತಿರುವ ಕಮಿಟಿಯ ಹಿರಿಯ ವಿರೂಪಣ್ಣ, ಮಾನ್ವಿಯ ಅಕ್ಕಿ ಗಿರಣಿಯವನು, ಹೇಳಿದ್ದು ಹೀಗೆ: "ಹೆಣ್ಣಮಗಳು, ಅದರಾಗ ಸಾಬರಾಕಿ. ಸದ್ಯ ಬ್ಯಾಡ್ರಿ ಮಾಸ್ತರ, ಮುಂದ ನೋಡೋಣು. ಕಲ್ಲೇನು ಓಡಿ ಹೋಗ್ತದ?"

ನನಗೆ ಮೈ ಉರಿಯಿತು. ಅವನ ಹಿರಿಯ ಮಗ ಮತ್ತೆ ನಾಲ್ವರು ದೇವದುರ್ಗದ ಹೊರಗೆ ಬಂಡೆಗಳ ಸಂದಿಯಲ್ಲಿ ಒಂಬತ್ತು ದಿನ ಅಡಗಿದ್ದಾಗ ಅವರಿಗೆ ಮುಟ್ಟಿದ್ದು ಯಾರ ರೊಟ್ಟಿ? ಅದೇ ಊರಿನಲ್ಲಿ ಅತ್ತೆಯ ಮನೆಯಲ್ಲಿದ್ದ ಜಾಹೆದಾ ಒಗೆಯುವ ಬಟ್ಟೆಯ ಗಂಟಿನೊಳಗೆ ಜೋಳದ ರೊಟ್ಟಿ ಕಟ್ಟಿ ತಲೆಯ ಮೇಲೆ ಹೊತ್ತು ಹೋಗುತ್ತಿದ್ದಳು. ಒಂಬತ್ತನೆಯ ದಿನ ಬಂದೂಕಿನವರು ಗಂಟಿನಲ್ಲಿ ಏನಿದೆ ಎಂದು ಕೇಳಿದರು. ಬಟ್ಟೆ ಎಂದಳು. ಹಳ್ಳದ ದಂಡೆಯಲ್ಲೇ ಗುಂಡು ಹೊಡೆದರು. ನಿಮಗೆ ಗೊತ್ತಿದ್ದದ್ದನ್ನೇ ಮತ್ತೆ ಬರೆಯುತ್ತಿದ್ದೇನೆ. ಇಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ತಿಂದ ಬಾಯಿಗಳು ಈಗ ಭಾಷಣ ಕಲಿಯುತ್ತಿವೆ.

ಹದಿನೇಳನೆಯ ತಾರೀಖು ಕಲ್ಲಿನ ಪರದೆ ತೆಗೆಯುತ್ತಾರೆ. ನಾನು ಹೋಗುವುದಿಲ್ಲ. ನೀವೂ ಬರಬೇಡಿ.

ನಿಮ್ಮ ಮನೆಯ ಬೀಗ ಹಾಗೆಯೇ ಇದೆ. ಅಂಗಳದ ದಾಳಿಂಬೆ ಈ ಸಲ ಕಾಯಿ ಬಿಟ್ಟಿದೆ. ನಿಮ್ಮಿಬ್ಬರ ಮೈ ಗಟ್ಟಿಯಾಗಿರಲಿ, ಕಣ್ಣು ನೆಟ್ಟಗಿರಲಿ. ಬೇಡಿಕೊಳ್ಳಲು ನನಗೆ ಉಳಿದಿರುವುದು ಇಷ್ಟೇ.

ನಿಮ್ಮ
ಶೇಷಗಿರಿ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ.

ವಿರೂಪಣ್ಣ ಆ ಮಾತು ಆಡಲಿಲ್ಲ. ಆಡುತ್ತಾನೆಂದು ನಾನೇ ಅಂದುಕೊಂಡಿದ್ದೆ. ಹದಿಮೂರನೆಯ ಗೆರೆಯಲ್ಲಿ ಜಾಹೆದಾ ಎಂದು ಬರೆದು ಕೈ ತೊಳೆಯುತ್ತಿದ್ದೆ. ಏರಿಯ ಮೇಲೆ ಹೋಗುತ್ತಿದ್ದ ಯಾರೋ ಇಬ್ಬರು ನಿಂತು ಓದಿದರು. "ಏನ್ರಿ ಮಾಸ್ತರ, ದೋಸ್ತನ ಋಣ ಕಲ್ಲಮ್ಯಾಲ ತೀರಸಾಕತ್ತೀರೇನು?" ಎಂದು ಒಬ್ಬ ನಕ್ಕ. ಅಷ್ಟೇ, ನಕ್ಕು ಮುಂದೆ ಹೋದರು. ನಾನು ಶಲ್ಯದ ತುದಿಯನ್ನು ಕೆರೆಯಲ್ಲಿ ಅದ್ದಿ ಹೆಸರು ಒರೆಸಿದೆ. ಸುಂಕಪ್ಪ ನೋಡುತ್ತಿದ್ದ.

ಮರುದಿನ ವಿರೂಪಣ್ಣ ಬಂದು ಹೆಸರುಗಳನ್ನು ಬೆರಳಿಟ್ಟು ಎಣಿಸಿದ. "ಮಾಸ್ತರ, ಆ ಹುಡುಗಿ ಹೆಸರು ಎಲ್ಲದ? ನಮ್ಮ ಹುಡುಗ ಆಕಿ ರೊಟ್ಟಿ ತಿಂದು ಬದುಕ್ಯಾನ್ರಿ" ಎಂದ.

ಸತ್ತಾರ್ ಸಾಬರೇ ಬೇಡವೆಂದು ಬರೆದಿದ್ದಾರೆ ಎಂದೆ.

ಅವನು ಖಾಲಿ ಗೆರೆಯ ಮೇಲಿಂದ ಬೆರಳು ತೆಗೆದ. "ಹಡದಪ್ಪನ ಬ್ಯಾಡ ಅಂದಮ್ಯಾಲ ನಾವ್ಯಾರ್ರಿ" ಎಂದು ಹೊರಟುಹೋದ.

ಮೂರೇ ಅಕ್ಷರ. ಅರ್ಧ ದಿನದ ಕೆಲಸ ಎನ್ನುತ್ತಾನೆ ಸುಂಕಪ್ಪ. ವಿರೂಪಣ್ಣನ ಮುಂದೆ ಹೋಗಿ ನಿಲ್ಲಲು ನನಗೆ ಆಗುತ್ತಿಲ್ಲ. ನೀವೇ ಅವನಿಗೆ ನೇರ ಬರೆಯಿರಿ, ಹದಿನೇಳರೊಳಗೆ ಮುಟ್ಟಲಿ. ಬೇಡವೆಂದು ನೀವು ಹೇಳಲಿಲ್ಲ ಎಂದು ಬರೆಯಿರಿ. ಹೇಳಿದವರು ಯಾರೆಂದೂ ಬರೆಯಿರಿ. ನಿಮ್ಮ ಕನ್ನಡ ಅಕ್ಷರ ಅವನಿಗೆ ತಿಳಿಯುತ್ತದೆ, ಚೆನ್ನಾಗಿಯೇ ಕಲಿಸಿದ್ದೇನೆ.