ಮೀಸೆ ತೆಗೆದು ಫೋನ್ ಮಾಡಿ

ಪ್ರೀತಿಯ ಅಪ್ಪನಿಗೆ,

ಈಗ ರಾತ್ರಿ ಎರಡೂವರೆ. ಒಂದು ನಗುವಿನ ಸದ್ದಿಗೆ ಎಚ್ಚರವಾಯಿತು. ನೀವೇ ಬಂದಿರೇನೋ ಎಂದು ಗಡಬಡಿಸಿ ಎದ್ದು ಬಾಗಿಲ ಕಡೆ ನೋಡಿದೆ. ನಗುವಿನ ಬಾಲದಲ್ಲಿ ಮೂಗಿನಿಂದ ಹೊರಡುವ ಆ ಸಣ್ಣ ಸಿಳ್ಳು ನಿಮಗಲ್ಲದೆ ಇನ್ನಾರಿಗೂ ಇಲ್ಲವೆಂದೇ ಮೊದಲೆಲ್ಲ ತಿಳಿದಿದ್ದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ನಕ್ಕದ್ದು ನಿಮ್ಮ ಮೊಮ್ಮಗ ಸೇನೊ. ಕಣ್ಣು ಮುಚ್ಚಿಕೊಂಡೇ, ಯಾವ ಕನಸಿಗೋ ನಕ್ಕು, ಸಿಳ್ಳು ಹೊಡೆದು, ಮತ್ತೆ ಮಲಗಿಬಿಟ್ಟ. ನಿದ್ದೆ ಕೆಟ್ಟದ್ದು ನನ್ನದು.

ಬೆಳಿಗ್ಗೆ ಏಳಕ್ಕೆ ಈ ಆಸ್ಪತ್ರೆಯಲ್ಲಿ ಅವನ ಸೀಳುತುಟಿ ಹೊಲಿಯುತ್ತಾರೆ. ಮೂರು ಗಂಟೆಯ ಮೇಲೆ ಒಂದು ಹನಿ ಹಾಲೂ ಕೊಡಬಾರದೆಂದು ನರ್ಸ್ ಎರಡೆರಡು ಸಲ ಹೇಳಿ ಹೋದರು. ಹಸಿದ ಮಗುವನ್ನು ಹಾಲಿಲ್ಲದೆ ಹೇಗೆ ಸುಮ್ಮನಿರಿಸುವುದೆಂದು ಮಾತ್ರ ಹೇಳಲಿಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಏನೇನೋ ಓದಿದೆ ಅಪ್ಪಾ, ಇದೊಂದನ್ನು ಯಾರೂ ಕಲಿಸಲಿಲ್ಲ. ನಿಮ್ಮ ಅಳಿಯ ಹನಾಫಿ ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಚಪ್ಪಲಿ ತಲೆದಿಂಬು ಮಾಡಿಕೊಂಡು ಮಲಗಿದ್ದಾರೆ. ಅತ್ತೆ ಮಂಚದ ಕಾಲ ಬಳಿ ಜಪಮಣಿ ಹಿಡಿದು ಕೂತಿದ್ದಾರೆ. ಕೈ ಓಡುತ್ತಿದೆ, ಕಣ್ಣು ಮುಚ್ಚಿದೆ. ಈ ಮಲಾಂಗ್ ಊರಿನಲ್ಲಿ ನಾನೊಬ್ಬಳೇ ಎಚ್ಚರವಿರುವಂತಿದೆ.

ನೀವೂ ಎಚ್ಚರವಾಗಿಯೇ ಇದ್ದೀರಿ, ಗೊತ್ತು. ಜೊಂಬಾಂಗ್ ಕಡೆಯ ಯಾವುದೋ ಹಳ್ಳಿಯಲ್ಲಿ, ಮದುವೆ ಮನೆಯ ಅಂಗಳದಲ್ಲಿ, ನಿಮ್ಮ ಲುದ್ರುಕ್ ಮೇಳದ ಆಟ ಈಗ ಅರ್ಧ ದಾಟಿರಬೇಕು. ಬೆಳಗಿನ ಬಾಂಗಿನ ಹೊತ್ತಿಗೆ ಮುಗಿಸಿ, ಬಣ್ಣ ಒರೆಸಿಕೊಳ್ಳುತ್ತಾ ಫೋನ್ ನೋಡುತ್ತೀರಿ. ಆಗ ಇದು ನಿಮ್ಮ ಕೈಗೆ ಸಿಗಲಿ ಎಂದು ಬರೆಯುತ್ತಿದ್ದೇನೆ. ಉದ್ದವಾಯಿತೆಂದು ಅರ್ಧಕ್ಕೇ ಬಿಡಬೇಡಿ.

ಭಿತ್ತಿಪತ್ರಗಳಲ್ಲಿ ನಿಮ್ಮ ಹೆಸರು ಪೈಮೊ ಎಂದು ಎಂದೂ ಇರಲಿಲ್ಲ. ಚಾಕ್ ಸುವಿಂಗ್ — ಸೀಳುತುಟಿಯಣ್ಣ. ಆ ಹೆಸರಿಗೇ ಜನ ಚಾಪೆ ಹೊತ್ತು ಬರುತ್ತಿದ್ದರು. ಅಮ್ಮ ಹೋದ ಮೇಲೆ ನನ್ನನ್ನು ಮೇಳದ ಲಾರಿಯಲ್ಲೇ ಬೆಳೆಸಿದಿರಿ. ಪರದೆಯ ಹಿಂದೆ, ಬಣ್ಣದ ಪೆಟ್ಟಿಗೆಯ ಮೇಲೆ ಕೂತು ನಾನು ಶಾಲೆಯ ಲೆಕ್ಕ ಮಾಡುತ್ತಿದ್ದೆ. ಪರದೆಯ ಆಚೆ ನೀವು ಮೊದಲ ಪದ ಹಾಡಿ ಮುಗಿಸುವಷ್ಟರಲ್ಲಿ ನಿಮ್ಮ ಜೋಡಿ ಮುಂತಿಯಾರ್ ಮಾವ ಸೊಂಟದ ಮೇಲೆ ಕೈಯಿಟ್ಟು ಬರುತ್ತಿದ್ದರು.

"ಅಲ್ಲ ಚಾಕ್, ಹೀಗೆ ಬಾಗಿಲು ತೆರೆದಿಟ್ಟೇ ಮಲಗ್ತೀಯಲ್ಲ, ರಾತ್ರಿ ಕಳ್ಳ ನುಗ್ಗಲ್ವಾ?"

"ನುಗ್ಗಿದ್ದ ಒಬ್ಬ."

"ನುಗ್ಗಿ?"

"ಒಳಗೆಲ್ಲ ಹುಡುಕಿದ. ಬರೀ ನಾಲ್ಕು ಹಲ್ಲು ಸಿಕ್ತು. ಅಯ್ಯೋ ಪಾಪ ಅಂತ ಅವನೇ ಒಂದು ತುತ್ತು ಅನ್ನ ಇಟ್ಟು ಹೋದ."

ನಾನು ಇದನ್ನು ಸಾವಿರ ಸಲ ಕೇಳಿರಬಹುದು. ಜನ ನಕ್ಕಾಗ ಬಣ್ಣದ ಪೆಟ್ಟಿಗೆ ನನ್ನ ಕೆಳಗೆ ನಡುಗುತ್ತಿತ್ತು. ಒಮ್ಮೆ, ನಿಮ್ಮನ್ನು ನೋಡಿ ಊರೆಲ್ಲ ನಗುವುದರಿಂದ ನಿಮಗೆ ನೋವಾಗುವುದಿಲ್ಲವೇ ಎಂದು ಕೇಳಿದೆ. ನೀವು ಕಾಫಿಯ ಲೋಟ ಕೆಳಗಿಟ್ಟು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಮಗಳೇ, ಜನ ಮೊದಲು ನೋಡೋದೇ ನನ್ನ ತುಟೀನ. ನೋಡಬಾರದಿತ್ತು ಅಂತ ಕಣ್ಣು ತಿರುಗಿಸ್ತಾರೆ. ಉಸಿರು ಬಿಗಿ ಹಿಡಿದು ಕೂರ್ತಾರೆ. ಉಸಿರು ಹಿಡಿದಿರೋನು ಹೇಗೆ ನಗ್ತಾನೆ ಹೇಳು? ಮೊದಲು ಅವರ ಉಸಿರು ಬಿಡಿಸಬೇಕು. ಆಮೇಲೆ ಮಿಕ್ಕಿದ್ದು."

ಇನ್ನೊಂದು ಊರಿನಲ್ಲಿ ಕುಡುಕನೊಬ್ಬ ನೀವು ಬಾಯಿ ತೆರೆಯುವ ಮೊದಲೇ "ಏ ಹರಕುಬಾಯಿ!" ಎಂದು ಕೂಗಿದ. ಯಾರೂ ನಗಲಿಲ್ಲ. ಲಾರಿಯಲ್ಲಿ ನಾನು ಅಳುತ್ತಿದ್ದರೆ ನೀವು, "ಅದೇ ಮಾತು, ಅದೇ ಕಲ್ಲು ಕಣೇ. ಅವನು ಎತ್ತಿ ಎಸೆದ. ನಾನು ದಿನಾ ಅದರ ಮೇಲೇ ಕೂತು ಊಟ ಮಾಡ್ತೀನಿ" ಎಂದಿರಿ. ಮುಂತಿಯಾರ್ ಮಾವ ಕತ್ತಲಲ್ಲೇ, "ಊಟ ಮಾಡೋವಾಗ ಅರ್ಧ ಚೆಲ್ತಾನೆ, ಅದನ್ನೂ ಹೇಳು" ಎಂದರು. ಲಾರಿ ತುಂಬ ನಗು. ನಾನೂ ನಕ್ಕೆ.

ಇಷ್ಟೆಲ್ಲ ಕಲಿಸಿದ ನೀವು ಸೇನೊನ ಸೆಲಪನ್ ಶಾಸ್ತ್ರಕ್ಕೆ ಬಂದಿರಿ. ಅವನು ಹುಟ್ಟಿದ ಮೂವತ್ತೈದನೆಯ ದಿನ, ಮನೆ ತುಂಬ ಜನ, ತೆಂಗಿನತುರಿ ಕಲಸಿದ ಸೊಪ್ಪಿನ ಪಲ್ಯದ ಘಮ. ಮಗುವನ್ನು ನಿಮ್ಮ ತೊಡೆಯ ಮೇಲೆ ಇಟ್ಟಾಗ ಎಲ್ಲರೂ ಉಸಿರು ಹಿಡಿದು ಕೂತಿದ್ದರು. ತಾತ ಏನಾದರೂ ಹೇಳುತ್ತಾನೆ, ನಾವು ಉಸಿರು ಬಿಡಬಹುದು ಎಂದು ಕಾದರು. ನಾನೂ ಕಾದೆ. ನೀವು ಅವನ ತುಟಿಯ ಸೀಳನ್ನು ಬೆರಳ ತುದಿಯಿಂದ ಮುಟ್ಟಿದಿರಿ. ಲುಂಗಿಯ ಅಂಚಿನಿಂದ ನಿಮ್ಮ ಬಾಯಿ ಒರೆಸಿಕೊಂಡಿರಿ. ಮಗುವನ್ನು ನನ್ನ ಕೈಗೆ ಕೊಟ್ಟು, ಊಟವನ್ನೂ ಮಾಡದೆ ಬೈಕು ಹತ್ತಿ ಹೋದಿರಿ. ಅಂದಿನಿಂದ ಫೋನಿಲ್ಲ.

ಯಾಕೆಂದು ನನಗೆ ಗೊತ್ತು. ಅಡುಗೆಮನೆಯಲ್ಲಿ ಅತ್ತೆ ಅಂದ ಮಾತು ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ನಿಮ್ಮ ಕಿವಿಗೆ ಬಿತ್ತು. "ಬಸುರಿ ಆಗಿದ್ದೋಳು ಅವರಪ್ಪನ ಆಟಕ್ಕೆ ಹೋಗಿ ಮುಂದೇನೇ ಕೂತಳು. ಬಾಯಿ ವಿಷಯ ಬಂದಾಗ ಹೊಟ್ಟೆ ಸವರಿ 'ಅಮಿತ್-ಅಮಿತ್' ಅಂತ ಒಂದು ಸಲ ಅಂದಿದ್ರೆ ಇವಳ ಗಂಟೇನು ಹೋಗ್ತಿತ್ತು? ಹಲ್ಲು ಕಿರೀತಾ ಕೂತಿದ್ಲು."

ನಿಜ, ನಾನು ಅನ್ನಲಿಲ್ಲ. ಪಕ್ಕದಲ್ಲಿದ್ದ ಬಸುರಿ ಹೊಟ್ಟೆ ಸವರಿಕೊಂಡು ಅಂದಳು. ನಮ್ಮ ಕಡೆ ಎಲ್ಲರೂ ಅನ್ನುತ್ತಾರೆ. ಆದರೆ ಅಪ್ಪಾ, 'ಇಂಥದ್ದು ನನ್ನ ಕೂಸಿಗೆ ಬೇಡ, ದೂರ ಹೋಗು' ಎಂಬ ಮಾತನ್ನು ನಿಮ್ಮ ಮುಖ ನೋಡಿಕೊಂಡು ನಾನು ಹೇಗೆ ಅನ್ನಲಿ? ಆ ಮುಖ ತಾನೇ ನನಗೆ ಅನ್ನ ತಿನ್ನಿಸಿದ್ದು? ಅದು ಮರೆವಲ್ಲ. ಬೇಕೆಂದೇ ಬಾಯಿ ಮುಚ್ಚಿಕೊಂಡೆ. ಇವತ್ತು ಅದೇ ಅಂಗಳದಲ್ಲಿ ಕೂರಿಸಿದರೂ ಅನ್ನುವುದಿಲ್ಲ.

ಹೋದ ವಾರ ಮುಂತಿಯಾರ್ ಮಾವ ಫೋನ್ ಮಾಡಿದ್ದರು. "ನಿಮ್ಮಪ್ಪ ಮೀಸೆ ಅಂಟಿಸ್ಕೊಂಡು ಬರ್ತಿದಾನಮ್ಮಾ, ತುಟಿ ಮುಚ್ಚೋ ಹಂಗೆ. ಕಳ್ಳನ ಮಾತು ಎತ್ತಿದ್ರೆ ನನ್ನನ್ನೇ ದುರುಗುಟ್ಟಿಕೊಂಡು ನೋಡ್ತಾನೆ. ನಾನು ಎತ್ತಿಕೊಡೋನು, ಅವನು ಹೊಡೆಯೋನು. ಅವನು ಹೊಡೀದಿದ್ರೆ ನಾನು ಎಷ್ಟು ಹೊತ್ತು ಎತ್ತಿಕೊಂಡು ನಿಂತಿರಲಿ? ಜನಕ್ಕೆ ಮೀಸೆ ಕೆಳಗೆ ಏನಿದೆ ಅಂತ ಗೊತ್ತು. ಹಿಡಿದ ಉಸಿರು ಬಿಡ್ತಾನೇ ಇಲ್ಲ." ಹೇಳುತ್ತಾ ಹೇಳುತ್ತಾ ಆ ಮನುಷ್ಯ ಅತ್ತರು. ಮೂವತ್ತು ವರ್ಷ ರಂಗದ ಮೇಲೆ ಒಮ್ಮೆಯೂ ನಗದೆ ನಿಂತು ನಿಮ್ಮನ್ನು ಗೆಲ್ಲಿಸಿದವರು. ನಗಿಸುವವನಿಗಿಂತ ನಗದೆ ನಿಲ್ಲುವವನ ಕೆಲಸ ದೊಡ್ಡದು ಎಂದು ನೀವೇ ಅನ್ನುತ್ತಿದ್ದಿರಲ್ಲ.

ಈಗ ನನ್ನದೊಂದು ಆಟದ ಕತೆ ಕೇಳಿ. ಈ ಆಸ್ಪತ್ರೆಗೆ ಮೊದಲ ಸಲ ಬಂದ ದಿನ, ಸಾಲಿನಲ್ಲಿ ನನ್ನ ಪಕ್ಕ ಕೂತ ಬಸುರಿಯೊಬ್ಬಳು ಸೇನೊನನ್ನು ನೋಡಿ ಸೆರಗಿನೊಳಗೇ ಹೊಟ್ಟೆ ಸವರಿಕೊಂಡಳು. ಅವಳ ತುಟಿ ಅಲ್ಲಾಡಿತು. ಏನಂದಳೆಂದು ಬೇರೆ ಹೇಳಬೇಕೆ? ಸಾಲಿಗೆ ಸಾಲೇ ಬಿಗಿಯಾಯಿತು. ಸೇನೊನ ಮುಖವನ್ನು ಸೆರಗಿನಿಂದ ಮುಚ್ಚಲು ಹೋದೆ. ಆಮೇಲೆ ಅದು ಹೇಗೋ, ನಿಮ್ಮದೇ ದನಿಯಲ್ಲಿ, "ಹೆದರಬೇಡ ಅಕ್ಕಾ, ಇದು ಅಂಟಲ್ಲ. ಅಂಟೋ ಹಾಗಿದ್ರೆ ನಮ್ಮಪ್ಪನ ಆಟ ನೋಡಿದ ಅರ್ಧ ಜಾವಾಕ್ಕೆ ಇಷ್ಟು ಹೊತ್ತಿಗೆ ತುಟಿ ಸೀಳಿರ್ತಿತ್ತು" ಎಂದೆ. ಎಂಜಲು ನುಂಗುವಷ್ಟು ಹೊತ್ತು ಕಾದೆ, ನೀವು ಕಲಿಸಿದ ಹಾಗೆ. ಮೊದಲು ಅವಳೇ ನಕ್ಕಳು. ಆಮೇಲೆ ಸಾಲು. "ಅಯ್ಯೋ, ನೀನು ಚಾಕ್ ಸುವಿಂಗ್ ಮಗಳಾ!" ಎಂದು ಮುದುಕನೊಬ್ಬ ಎದ್ದೇ ಬಂದ. ಆ ಬಸುರಿ ಸೇನೊನನ್ನು ಎತ್ತಿಕೊಂಡಳು, ಅಪ್ಪಾ. ನಾನು ಕೇಳಿರಲಿಲ್ಲ.

ನಿಮ್ಮ ವಿದ್ಯೆ ಎಷ್ಟು ಹಳೆಯದೋ ಈ ನಾಲ್ಕು ತಿಂಗಳ ಕೂಸು ಅಷ್ಟು ಕಟ್ಟುನಿಟ್ಟಿನ ಪ್ರೇಕ್ಷಕ. ಸೆರಗಿನಲ್ಲಿ ಮುಖ ಮುಚ್ಚಿ 'ಅಮ್ಮ ಎಲ್ಲಿ' ಎನ್ನುತ್ತೇನೆ. ಬೇಗ ತೆಗೆದರೆ ಇಷ್ಟೇನಾ ಎನ್ನುವಂತೆ ನೋಡುತ್ತಾನೆ. ತಡಮಾಡಿದರೆ ಅಳುತ್ತಾನೆ. ಅಮ್ಮ ನಿಜವಾಗಿಯೂ ಇಲ್ಲವೇನೋ ಎಂದು ಹೆದರಲು ಇನ್ನೊಂದು ಕ್ಷಣ ಇದೆ ಅನ್ನುವಾಗ ತೆಗೆದರೆ, ಆಗ ಬರುತ್ತದೆ ಆ ನಗು, ಆ ಸಿಳ್ಳು. ನಗುವಿನ ಪಕ್ಕದ ಮನೆಯಲ್ಲೇ ಭಯ ಇದೆ ಎಂದು ನೀವು ಒಮ್ಮೆಯೂ ಹೇಳಲಿಲ್ಲ. ಇವನು ಹೇಳಿಕೊಟ್ಟ.

ಇನ್ನೊಂದು ವಿಷಯ, ಅತ್ತೆಯ ಮೇಲೆ ಕೋಪ ಬೇಡ. ರಾತ್ರಿ ಅವನು ಹಟ ಹಿಡಿದಾಗ ತಮ್ಮ ಫೋನಿನಲ್ಲಿ ನಿಮ್ಮ ಹಳೆಯ ಆಟ ಹಾಕುವವರು ಅವರೇ. "ನಿಮ್ಮ ತಾತ ನೋಡು, ಬಾಯಿ ನೋಡು, ನಿಂದೇ ಬಾಯಿ" ಎಂದು ತೋರಿಸುತ್ತಾರೆ. ಅಂದ ಮಾತು ವಾಪಸು ತೆಗೆದುಕೊಳ್ಳಲು ಅವರಿಗೆ ಬರುವುದಿಲ್ಲ, ಇಷ್ಟೇ ಬರುತ್ತದೆ. ನಿಮ್ಮ ದನಿ ಬಂದೊಡನೆ ಸೇನೊ ಅಳು ನಿಲ್ಲಿಸಿ ಕತ್ತು ತಿರುಗಿಸುತ್ತಾನೆ. ನಗುತ್ತಾನೆ. ಅಷ್ಟರಲ್ಲಿ ಜನರ ನಗು ಸಿಡಿಲಿನಂತೆ ಹೊಡೆಯುತ್ತದೆ. ಅವನು ಬೆಚ್ಚಿ, ಮೊದಲಿಗಿಂತ ಜೋರಾಗಿ ಅಳುತ್ತಾನೆ. ಎಷ್ಟು ಆಟ ಹಾಕಿದರೂ ಅಷ್ಟೇ. ಎಲ್ಲದರಲ್ಲೂ ಜನ ನಗುತ್ತಾರಲ್ಲ! ನೀವು ಅಷ್ಟು ಚೆನ್ನಾಗಿ ಆಡಿದ್ದು ನಮಗೆ ಮುಳುವಾಯಿತು.

ಅದಕ್ಕೇ ಬೇಡುತ್ತಿದ್ದೇನೆ. ಇವತ್ತು ಜನರಿಲ್ಲದ ಒಂದು ಆಟ ಬೇಕು. ಮೂರಕ್ಕೆ ಕೊನೆಯ ಹಾಲು ಚಮಚದಲ್ಲಿ ಕುಡಿಸುತ್ತೇನೆ. ಐದರ ಮೇಲೆ ಹಸಿದು ಏಳುತ್ತಾನೆ. ಅಲ್ಲಿಂದ ಕರೆದುಕೊಂಡು ಹೋಗುವವರೆಗೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಫೋನನ್ನು ಅವನ ಕಿವಿಗೆ ಹಿಡಿಯುತ್ತೇನೆ. ಕಳ್ಳನ ಮಾತು ಹೇಳಿ. ಮುಂತಿಯಾರ್ ಮಾವ ಪಕ್ಕದಲ್ಲಿದ್ದರೆ ಎತ್ತಿಕೊಡಲಿ. ಹೇಳಿ ಮುಗಿಸಿ, ಎಂಜಲು ನುಂಗುವಷ್ಟು ಹೊತ್ತು ಕಾಯಿರಿ. ಚಪ್ಪಾಳೆ ಬರುವುದಿಲ್ಲ. ಸಿಳ್ಳು ಬರುತ್ತದೆ.

ಡಾಕ್ಟರು ಒಳ್ಳೆಯವರು. ತುಟಿ ಚೆನ್ನಾಗಿ ಕೂಡುತ್ತದೆ ಎಂದಿದ್ದಾರೆ. ಕೂಡಲಿ, ಅವನಿಗೆ ಅದು ಬೇಕು. ಆದರೆ ಮದ್ದು ಕೊಟ್ಟು ಮಲಗಿಸುತ್ತಾರಲ್ಲ, ಏಳುತ್ತಾನೋ ಇಲ್ಲವೋ ಎಂದು ನನಗೆ ಭಯ. ಎದ್ದ ಮೇಲೆ ಅವನ ನಗು ಬೇರೆ ನಗು, ಎಲ್ಲರಂಥ ನಗು. ಈ ಅಗಲದ ನಗು, ನಿಮ್ಮದೇ ಈ ನಗು, ಇವತ್ತು ಏಳರವರೆಗೆ ಮಾತ್ರ. ನೀವದನ್ನು ಇನ್ನೂ ಒಂದು ಸಲವೂ ಕೇಳಿಲ್ಲ.

ಮೊದಲು ಆ ಮೀಸೆ ಕಿತ್ತು ಹಾಕಿ. ಅವನಿಗೆ ಕಾಣುವುದಿಲ್ಲ ನಿಜ. ಆದರೆ ಅದರಡಿಯಿಂದ ನಿಮ್ಮ ದನಿ ಸರಿಯಾಗಿ ಬರುವುದಿಲ್ಲ.

ನಿಮ್ಮ ಬಾಗಿಲು ಸದಾ ತೆರೆದಿರಲಿ, ಬಂದ ಕಳ್ಳನೂ ತುತ್ತಿಟ್ಟು ಹೋಗಲಿ.

ನಿಮ್ಮ ಮಗಳು,
ವಿನಾರ್ಸಿ

ಮೂರು ಹೊಡೆಯಿತು, ಹಾಲು ಕುಡಿಸಲು ಏಳುತ್ತಿದ್ದೇನೆ. ಫೋನ್ ತೊಡೆಯ ಮೇಲೇ ಇರುತ್ತದೆ. ಏಳಾಗುವ ಮೊದಲು ಮಾಡಿ, ಅಪ್ಪಾ. ದಯವಿಟ್ಟು ಮಾಡಿ.