ಪೂರ್ತಿ ವಾಪಸ್ ಬರುವವರಿಗೆ ಮಾತ್ರ

ಗಂಗಾವತಿ
ಬುಧವಾರ, ೧೨ ನವೆಂಬರ್ ೨೦೨೫

ಜಾಸ್ಮೀನಳ ಅಬ್ಬಾ ಅವರಿಗೆ,

ನಿಮ್ಮ ಹೆಂಡತಿ ಇಮಾಮಬಾನು ಮಾಡುವ ಸಲಾಂ. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಮಸ್ಕತ್ತಿನಲ್ಲಿ ನೀವೂ ನಿಮ್ಮ ಬೆಕ್ಕೂ ಆರಾಮ ಇದ್ದೀರೆಂದು ನಂಬಿದ್ದೇನೆ. ಉತ್ತರ ಕೊಡಲು ತಡವಾಯಿತು, ಮಾಫ್ ಮಾಡಿ. ತಡವಾಗಲು ಕೆಲಸ ಕಾರಣವಲ್ಲ, ಸಿಟ್ಟು ಕಾರಣ. ನೀವು ಕಳಿಸಿದ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದ್ದೇನೆ. ಒಂದಕ್ಕೂ ಮರುಮಾತಾಡಲು ಮನಸ್ಸು ಬರಲಿಲ್ಲ.

ಫೋನಿನಲ್ಲೇ ಹೇಳೋಣವೆಂದರೆ ನೀವು ಆ ಬೆಕ್ಕನ್ನು ಎತ್ತಿ ಕ್ಯಾಮೆರಾ ಮುಂದೆ ಹಿಡಿಯುತ್ತೀರಿ. ನಿಮ್ಮ ಅಮ್ಮ ಬೊಚ್ಚುಬಾಯಿ ತೆರೆದು ನಗುತ್ತಾರೆ, ಜಾಸ್ಮೀನ ಮೊಬೈಲ್ ಕಸಿದುಕೊಂಡು ಓಡುತ್ತಾಳೆ, ನನ್ನ ಮಾತು ಬಾಯಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ಟ್ರಾವೆಲ್ಸ್ ಶಬ್ಬೀರನ ಭಾವಮೈದುನ ಶುಕ್ರವಾರ ಅಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಕಾಗದವನ್ನು ಅರ್ಧಕ್ಕೆ ತಡೆದು "ಆತಾತು, ಡ್ಯೂಟಿ ಟೈಮ್ ಆತು" ಎನ್ನಲು ನಿಮಗೆ ಬರುವುದಿಲ್ಲ.

ಮೊದಲು ಮನೆಯ ಸುದ್ದಿ. ಗಿರಣಿಯ ಮೋಟರು ಮತ್ತೆ ಸುಟ್ಟಿತ್ತು, ಹೊಸ ತಂತಿ ಸುತ್ತಿಸಿದೆ. ಸದ್ಯ ಜೋಳದ ಹಿಟ್ಟಿಗಿಂತ ಖಾರದ ಪುಡಿಯ ಗಿರಾಕಿಗಳೇ ಹೆಚ್ಚು. ಜಾಸ್ಮೀನ ಕಾಲೇಜಿಗೆ ಹೋಗುತ್ತಾಳೆ, ಓದುವುದಕ್ಕಿಂತ ಬೆಕ್ಕಿನ ಫೋಟೋ ನೋಡುವುದು ಜಾಸ್ತಿ. ನಿಮ್ಮ ಅಮ್ಮ ರಾಜಾಬೀ ಅವರ ಮೊಣಕಾಲು ನೋವು ಹಾಗೇ ಇದೆ, ನಾಲಿಗೆಗೇನೂ ಆಗಿಲ್ಲ. ಅವರಂತೂ ಆಗಲೇ ಬೆಕ್ಕಿನ ಪಾರ್ಟಿ ಸೇರಿದ್ದಾರೆ.

"ಬೆಕ್ಕು ಪಾಕ್ ಜೀವ ಐತಿ ಬಾನು, ಅದಕ್ಕ ಮೈಲಿಗಿ ಇಲ್ಲ. ಗಿರಣ್ಯಾಗ ಇಲಿನೂ ಭಾಳ ಆಗ್ಯಾವ. ಬರ್ಲಿ ಬಿಡು" ಎಂದರು.

"ಅಮ್ಮಾ, ಅದು ಡಬ್ಬಿ ಮೀನು ತಿನ್ನೋ ಬೆಕ್ಕು. ನಮ್ಮ ಇಲಿ ಕಂಡ್ರ ಅದ ಓಡಿಹೋಗತೈತಿ" ಎಂದೆ. ಅದಕ್ಕೂ ನಕ್ಕರು. ಮಗ ಏನು ಮಾಡಿದರೂ ಚಂದವೇ.

ಬೆಕ್ಕು ತರುತ್ತೇನೆಂದು ನೀವು ಮೊದಲು ಹೇಳಿದಾಗ ನನಗೂ ಇದು ದೊಡ್ಡ ಮಾತೆನಿಸಿರಲಿಲ್ಲ. ರಜೆಗೆ ಬಂದಾಗಲೆಲ್ಲ ಏನಾದರೂ ಹೊತ್ತು ತರುವವರೇ ನೀವು. ಕಂಬಳಿ ತಂದಿರಿ, ಹಾಲಿನ ಪುಡಿ ತಂದಿರಿ, ಒಮ್ಮೆ ದೊಡ್ಡ ಟಿವಿ ತಂದು ಹೈದರಾಬಾದಿನಲ್ಲಿ ಸುಂಕ ಕಟ್ಟಿ ಮುಖ ಸಪ್ಪೆ ಮಾಡಿಕೊಂಡು ಬಂದಿರಿ. ಈ ಸಲ ಬೆಕ್ಕು, ಅಷ್ಟೇ ಎಂದುಕೊಂಡೆ. ಅದಕ್ಕೂ ಟಿವಿಗೆ ಕಟ್ಟಿದಂತೆ ಸುಂಕ ಕಟ್ಟಬೇಕೇನೋ ಎಂದು ಕೇಳಲು ಶಬ್ಬೀರನ ಅಂಗಡಿಗೆ ಹೋದೆ.

ಅವನು ಹೇಳಿದ್ದು ಇದು: "ಅಕ್ಕಾ, ರಜಾಕ್ಕ ಬರೋರಿಗೆ ಬೆಕ್ಕು, ನಾಯಿ ತರಾಕ ಬಿಡಂಗಿಲ್ರಿ. ಎರಡು ವರ್ಷ ಹೊರಗ ಇದ್ದು, ಅಲ್ಲಿ ಎಲ್ಲಾ ಮುಗಿಸಿ, ಪೂರ್ತಿ ವಾಪಸ್ ಬರೋರಿಗೆ ಮಾತ್ರ ಐತಿ. ಮ್ಯಾಲ ಹುಚ್ಚುನಾಯಿ ರೋಗದ ಸೂಜಿ ಹಾಕ್ಸಿರಬೇಕು, ಅಲ್ಲಿ ಡಾಕ್ಟರ್ ಬರದು ಕೊಟ್ಟಿರಬೇಕು, ಇಲ್ಲಿ ಸರ್ಕಾರದವರು ಮುಂಚೇನ ಒಪ್ಪಿರಬೇಕು. ಮೊದಲಿನಂಗ ಕಂಬಳ್ಯಾಗ ಸುತ್ತಿ ತರೋ ಸಾಮಾನಲ್ರಿ ಅದು."

"ಅವ್ರು ರಜಾಕ್ಕ ಬರಾಕ ಹತ್ಯಾರ" ಎಂದೆ.

ಶಬ್ಬೀರ ಕಂಪ್ಯೂಟರಿನಿಂದ ಮುಖ ಎತ್ತಿದ. "ರಫೀಭಾಯ್ ನಿಮಗ ಹೇಳಿಲ್ಲನ್ರಿ? ಟಿಕೀಟ್ ಕೇಳಾಕ ನನಗ ಫೋನ್ ಮಾಡಿದ್ರಲ್ಲ, ಸೋಮವಾರ ವೀಸಾ ಕ್ಯಾನ್ಸಲ್ ಮಾಡ್ಸಾಕ ಹೊಂಟಾರ. ಬೆಕ್ಕಿನ ಸಲುವಾಗಿನ."

ಗಂಡ ಮನೆಗೆ ಪೂರ್ತಿ ಬರುತ್ತಾನೆಂಬ ಸುದ್ದಿಯನ್ನು ನಾನು ಟಿಕೀಟು ಮಾರುವವನಿಂದ ತಿಳಿದುಕೊಂಡೆ. ಅವನಿಗೆ ಪಾಪ ನನ್ನ ಮುಖ ನೋಡಿ ಗಾಬರಿಯಾಯಿತು. ಮಾತು ತಿರುಗಿಸಲು ಬಂಗಾರದ ಲೆಕ್ಕ ತೆಗೆದ. ವರ್ಷದ ಮೇಲೆ ಹೊರಗಿದ್ದು ಬರುವ ಹೆಂಗಸು ಸುಂಕವಿಲ್ಲದೆ ಲಕ್ಷ ರೂಪಾಯಿಯೊಳಗೆ ನಲವತ್ತು ಗ್ರಾಂ ತನಕ ಒಡವೆ ತರಬಹುದಂತೆ, ಗಂಡಸಾದರೆ ಅದರ ಅರ್ಧವಂತೆ. ಹನ್ನೊಂದು ವರ್ಷದಲ್ಲಿ ನೀವು ಆ ಮಿತಿ ದಾಟುವ ಭಯ ನನಗೆ ಎಂದೂ ಇರಲಿಲ್ಲ ಎಂದು ಹೇಳಿ ಎದ್ದು ಬಂದೆ.

ಅಂದು ಸಂಜೆ ನಿಮ್ಮ ಉದ್ದನೆಯ ಮೆಸೇಜು. ನೀವು ಕಾರು ಓಡಿಸುತ್ತಿದ್ದ ಮನೆಯ ಮುದುಕಿ ತೀರಿಕೊಂಡರು, ಮನೆ ಮಾರಾಟಕ್ಕಿದೆ, ಕಿರಿ ಮಗ ನಿಮ್ಮನ್ನು ತನ್ನ ಮನೆಗೆ ಡ್ರೈವರಾಗಿ ಕರೆದಿದ್ದಾನೆ, ಪಗಾರವನ್ನೂ ಹೆಚ್ಚಿಸುತ್ತಾನೆ. ಆದರೆ ಅವನ ಹೆಂಡತಿಗೆ ಬೆಕ್ಕು ಆಗದು, ನಿಮ್ಮ ಈ ಮಿಶ್‌ಮಿಶ್ ಬೆಕ್ಕನ್ನು ಬೀದಿಗೆ ಬಿಡಬೇಕು. ಅದಕ್ಕೇ ನೌಕರಿ ಬೇಡವೆಂದಿರಿ. ಕೊನೆಗೆ, "ನೀನು ಹೂಂ ಅಂದ್ರ ಸೋಮವಾರ ಕ್ಯಾನ್ಸಲ್ ಮಾಡಸ್ತೀನಿ ಬಾನು" ಎಂದಿರಿ. ಎಲ್ಲ ತೀರ್ಮಾನವಾದ ಮೇಲೆ ನನ್ನದೊಂದು ಹೂಂ ಬೇಕು ನಿಮಗೆ.

ವೀಸಾ ಕ್ಯಾನ್ಸಲ್! ಈ ಮಾತು ನಮ್ಮ ಮನೆಯಲ್ಲಿ ಎಷ್ಟು ದೊಡ್ಡದಾಗಿತ್ತು, ಗೊತ್ತೇ? ಮಾವನವರು ತೀರಿಕೊಂಡಾಗ ನಿಮ್ಮ ದಾರಿ ನೋಡುತ್ತ ಜನ ಮಯ್ಯತ್ತನ್ನು ಮಣ್ಣು ಮಾಡದೆ ತಡೆದು ನಿಂತಿದ್ದರು. "ಈಗ ಬಂದ್ರ ವೀಸಾ ಕ್ಯಾನ್ಸಲ್ ಆಗತೈತಿ" ಎಂದಿರಿ. ನಿಮ್ಮ ತಂಗಿಯ ನಿಕಾಹ್ ದಿನವೂ ಅದೇ ಮಾತು. ಬೀಗರು ಹುಬ್ಬೇರಿಸಿದಾಗ ಆ ಮಾತನ್ನು ಎಲ್ಲರಿಗೂ ಬಿಡಿಸಿ ಹೇಳಿದವಳು ನಾನು. ಜಾಸ್ಮೀನ ಚಿಕ್ಕವಳಿದ್ದಾಗ ವೀಸಾ ಎಂದರೆ ಅಬ್ಬಾನನ್ನು ಕಟ್ಟಿಹಾಕಿದ ಹಗ್ಗವೆಂದು ತಿಳಿದಿದ್ದಳು. ನಾನೂ ಹೆಚ್ಚುಕಡಿಮೆ ಹಾಗೇ ತಿಳಿದಿದ್ದೆ. ಈಗ ನೋಡಿದರೆ ಅದು ಒಂದು ಸೋಮವಾರ ಆಫೀಸಿಗೆ ಹೋಗಿ ಮುಗಿಸಿ ಬರುವ ಕೆಲಸ.

ನನಗೆ ನಿಮ್ಮ ಮೇಲೆ ಬಂದಿರುವ ಸಿಟ್ಟು ಸಣ್ಣದಲ್ಲ. ಬರುವುದಿಲ್ಲ ಎನ್ನುವ ಗಂಡನ ಜೊತೆ ಬದುಕಲು ಕಲಿತಿದ್ದೆ. ಬರಬಹುದಾಗಿತ್ತು, ಬರಲಿಲ್ಲ ಎನ್ನುವ ಗಂಡನ ಜೊತೆ ಹೇಗೆ ಬದುಕಬೇಕೋ ತಿಳಿಯುತ್ತಿಲ್ಲ.

ಸುದ್ದಿ ಓಣಿಗೂ ಹಬ್ಬಿದೆ. ಪಕ್ಕದ ಮನೆಯ ಕಸ್ತೂರೆಮ್ಮ ಮೆಣಸಿನಕಾಯಿ ಬುಟ್ಟಿ ಇಳಿಸಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಕಡೀಕೂ ನಿನ್ನ ಸಲುವಾಗಿ ಬರಾಕ ಹತ್ಯಾರಲ್ಲ ಬಾನವ್ವಾ! ನನಗ ಎಷ್ಟ ಖುಷಿ ಆಗೇತಿ ಅಂತಿ" ಎಂದಳು. ನಾನು "ಹೂಂ ಅಕ್ಕಾ" ಎಂದೆ. ನೀವು ಕೇಳಿದ ಹೂಂ ಅವಳಿಗೆ ಹೋಯಿತು. ಬೆಕ್ಕಿನ ಸಲುವಾಗಿ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಈಗ ನನ್ನ ಉತ್ತರ. ಬನ್ನಿ. ಬೆಕ್ಕನ್ನೂ ತನ್ನಿ. ಅದು ನನಗೇನೂ ಮಾಡಿಲ್ಲ, ಅದನ್ನು ಬೀದಿಗೆ ಬಿಡಿ ಎನ್ನುವಷ್ಟು ಕಲ್ಲು ಮನಸ್ಸು ನನ್ನದಲ್ಲ. ಆದರೆ ಗಿರಣಿಯೊಳಗೆ ಅದು ಕಾಲಿಡಬಾರದು. ಗಿರಾಕಿಗಳ ಹಿಟ್ಟಿನಲ್ಲಿ ಕೂದಲು ಸಿಕ್ಕರೆ ಬೈಸಿಕೊಳ್ಳುವವಳು ನಾನು. ಅದರ ಮೀನು, ಅದರ ಹೇಲು ಉಚ್ಚೆ, ಅದರ ಸೂಜಿ ಎಲ್ಲ ನಿಮ್ಮ ಪಾಲು. ಮರುದಿನದಿಂದ ಖಾರ ಬೀಸುವುದೂ ನಿಮ್ಮ ಪಾಲು. ಇಷ್ಟು ವರ್ಷ ನಾನು ಸೀನಿದ್ದು ಸಾಕು.

ಇನ್ನೊಂದು ಮಾತು. ಓಣಿಯವರ ಎದುರು "ಬಾನು ಸಲುವಾಗಿ ಬಂದೆ" ಎಂದು ದೊಡ್ಡಸ್ತಿಕೆ ತೋರಿಸಬೇಡಿ. ಆ ಸುಳ್ಳನ್ನು ನಾನು ಹೇಳಬಹುದು, ನೀವು ಹೇಳಕೂಡದು. ಹೇಳಿದರೆ ಎಲ್ಲರ ಮುಂದೆಯೇ ಬಾಗಿಲು ಹಾಕಿಕೊಳ್ಳುತ್ತೇನೆ, ಮರ್ಯಾದೆ ಹೋದರೆ ಹೋಗಲಿ.

ಅಲ್ಲಾಹ್ ನಿಮ್ಮನ್ನು ಸುಖವಾಗಿ ನೆಲಕ್ಕಿಳಿಸಲಿ. ದಾರಿಯಲ್ಲಿ ಆ ಮೂಕ ಜೀವಕ್ಕೂ ತೊಂದರೆಯಾಗದಿರಲಿ. ಅಮ್ಮ ದುವಾ ಹೇಳಿದ್ದಾರೆ, ಜಾಸ್ಮೀನ ಸಲಾಂ ಹೇಳಿದ್ದಾಳೆ, ಬೆಕ್ಕಿಗೆ ಮುತ್ತು ಕಳಿಸಿದ್ದಾಳೆ.

ಇಂತಿ,
ಇಮಾಮಬಾನು

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ನಿಮ್ಮ ಇನ್ನೊಂದು ಮೆಸೇಜು ಬಂತು. ಅಳುತ್ತಿದ್ದಿರಿ. ನೀವು ಅತ್ತದ್ದನ್ನು ನಾನು ಇದೇ ಮೊದಲು ಕೇಳಿದ್ದು. "ನಾ ಕೈಯಾಗ ಹಿಡದ್ರ ಅಷ್ಟ ತಿಂತೈತಿ ಬಾನು. ನಿನ್ನೆ ನಾ ಹೊರಗ ಹೋಗಿದ್ದೆ, ಇಡೀ ದಿನ ಉಪಾಸ ಕುಂತಿತ್ತು. ಇಂಥಾದ್ನ ಹೆಂಗ ಬಿಟ್ಟು ಬರ್ಲಿ?"

ನನ್ನ ಗರ್ಭಚೀಲ ತೆಗೆದದ್ದು ನಿಮಗೆ ನೆನಪಿದೆಯೇ? ನಾನಾಗಿ ಬಾಯಿಬಿಟ್ಟು ಬನ್ನಿ ಎಂದದ್ದು ಅದೊಂದೇ ಸಲ. ವೀಸಾ ಎಂದಿರಿ. ಆಪರೇಷನ್ ಆದ ಮೇಲೆ ನನಗೂ ಅನ್ನ ಇಳಿಯುತ್ತಿರಲಿಲ್ಲ. ಕಸ್ತೂರೆಮ್ಮ ಗಂಜಿಯ ಬಟ್ಟಲು ಹಿಡಿದು ಕೂತಿರುತ್ತಿದ್ದಳು, ನಾನು ಗೋಡೆ ಕಡೆ ಹೊರಳುತ್ತಿದ್ದೆ. ಸಂಜೆಯಾದರೆ ನೀವು ಫೋನ್ ಮಾಡಿ "ಉಂಡ್ಯಾ?" ಎಂದು ಕೇಳುತ್ತಿದ್ದಿರಿ. ನಾನು "ಹೊಟ್ಟಿ ತುಂಬ ಉಂಡೇನ್ರಿ" ಎನ್ನುತ್ತಿದ್ದೆ. "ಛಲೋ ಆತು" ಎಂದು ಫೋನ್ ಇಡುತ್ತಿದ್ದಿರಿ.

ಬೆಕ್ಕಿಗೆ ಹಾಗೆ ಹೇಳಲು ಬರುವುದಿಲ್ಲ ನೋಡಿ. ಅದಕ್ಕೇ ಅದರ ಸಲುವಾಗಿ ಬರುತ್ತಿದ್ದೀರಿ.